ಶೇಂಗಾ ಬೀಜೋಪಚಾರದ ರೈಜೋಬಿಯಂ: ಪೊಟ್ಟಣಕ್ಕಿಂತ ಕರಪತ್ರದ್ದೇ ಅಬ್ಬರ

ಚಳ್ಳಕೆರೆಯ ಕೃಷಿ ಪರಿಕರಗಳ ಅಂಗಡಿಯೊಂದರಲ್ಲಿ ಈ ಮುಂಗಾರಿಗೆ ಕೊಂಡ 200 ಗ್ರಾಂ ತೂಕದ ರೈಜೋಬಿಯಂ (ಬೇರುಗಂಟುಗಳಲ್ಲಿ ನೆಲೆಸಿ ಗಾಳಿಯ ಸಾರಜನಕವನ್ನು ಗಿಡಕ್ಕೆ ಒದಗಿಸುವ ಬ್ಯಾಕ್ಟೀರಿಯಾ) ಪೊಟ್ಟಣದ ಬಗ್ಗೆ ದೊಡ್ಡ ತಕರಾರಿಲ್ಲ. ತಕರಾರು ಇರುವುದು ಅದರೊಡನೆ ಕೊಟ್ಟ ಕರಪತ್ರದ ಬಗ್ಗೆ. ಗಾಳಿಯಲ್ಲಿ ಇಂಗಾಲದ ಡೈಆಕ್ಸೈಡ್ ಏರುತ್ತಿರುವುದರಿಂದ ಬೇರಿನ ಸುತ್ತಲಿನ ಬ್ಯಾಕ್ಟೀರಿಯಾಗಳು ತಾವಾಗಿಯೇ ಹುಲುಸಾಗಿ ಇಳುವರಿ ಹೆಚ್ಚಿಸುತ್ತವೆ ಎಂದು ಅದು ಸಾರುತ್ತದೆ.

ಕೈಗಾರಿಕಾ ಯುಗಕ್ಕೆ ಮುನ್ನ ಹತ್ತು ಲಕ್ಷಕ್ಕೆ ಸುಮಾರು 280 ಭಾಗವಿದ್ದ ಈ ಅನಿಲ ಈಗ 420ನ್ನು ದಾಟಿರುವುದು ನಿಜವಾದರೂ, ಮಣ್ಣಿನ ಸಂದುಗಳಲ್ಲಿರುವ ಗಾಳಿಯಲ್ಲಿ ಅದು ಮೊದಲಿನಿಂದಲೂ ಇದಕ್ಕಿಂತ ಹಲವು ಪಟ್ಟು ಹೆಚ್ಚಿರುವ ಕಾರಣ ಬ್ಯಾಕ್ಟೀರಿಯಾಗಳಿಗೆ ನೇರವಾಗಿ ಹೊಸದೇನೂ ದಕ್ಕುವುದಿಲ್ಲ. ಬದಲಾವಣೆ ಬರುವುದು ಗಿಡದ ಮೂಲಕ. ಎಲೆ ಹೆಚ್ಚು ಸಕ್ಕರೆ ತಯಾರಿಸಿದಾಗ ಬೇರು ಅದರಲ್ಲೊಂದು ಪಾಲನ್ನು ಮಣ್ಣಿಗೆ ಸ್ರವಿಸುತ್ತದೆ, ಬೇರುಗಂಟಿನೊಳಗಿನ ರೈಜೋಬಿಯಂಗೂ ಉಣಿಸುತ್ತದೆ. ನೀರು, ರಂಜಕ ಸಾಲದಿದ್ದರೆ ಈ ಲಾಭ ಕೈಗೂಡದು. ನಮ್ಮ ಮಳೆಯಾಶ್ರಿತ ಕೆಂಪು ಮರಳು ಮಣ್ಣಿನಲ್ಲಿ ಇವೆರಡಕ್ಕೂ ಬರವೇ.

ಕರಪತ್ರ ಬಾಯಿಬಿಡದ ಸಂಗತಿಯೆಂದರೆ ಯೂರಿಯಾ. ಯೂರಿಯಾದಿಂದ ಮಣ್ಣಿನಲ್ಲಿ ನೈಟ್ರೇಟ್ (ಬೇರು ನೇರವಾಗಿ ಹೀರುವ ರೂಪದ ಸಾರಜನಕ) ಧಾರಾಳವಾಗಿದ್ದರೆ ಶೇಂಗಾ ಗಿಡ ಸಕ್ಕರೆ ತೆತ್ತು ಬ್ಯಾಕ್ಟೀರಿಯಾ ಸಾಕುವ ಗೋಜಿಗೆ ಹೋಗುವುದಿಲ್ಲ. ಗಂಟುಗಳು ಕಡಿಮೆಯಾಗುತ್ತವೆ, ಇದ್ದವು ಸಾರಜನಕ ಹಿಡಿಯುವುದೂ ತಗ್ಗುತ್ತದೆ. ಎಕರೆಗೆ 50 ಕಿಲೋದ ಒಂದು ಚೀಲ ಡಿಎಪಿ ಗೊಬ್ಬರ ಹಾಕಿದರೆ 9 ಕಿಲೋ ಸಾರಜನಕ ಅದರಲ್ಲೇ ಸಿಗುತ್ತದೆ, ಆರಂಭಕ್ಕೆ ಅಷ್ಟು ಸಾಕು. ಹೀಗಿರುವಾಗ ರೈಜೋಬಿಯಂ ಕೊಟ್ಟ ಕೈಯಲ್ಲೇ ಯೂರಿಯಾ ಚೀಲವನ್ನೂ ಒಯ್ಯಿರೆಂದು ಅಂಗಡಿಯವರು ಒತ್ತಾಯಿಸಿದ್ದಕ್ಕೆ ವ್ಯಾಪಾರವಲ್ಲದೆ ಬೇರೆ ಅರ್ಥ ಕಾಣಲಿಲ್ಲ.

ಬಳಕೆ ಸುಲಭ. ಬೀಜಕ್ಕೆ ಶಿಲೀಂಧ್ರನಾಶಕದ ಉಪಚಾರ ಮೊದಲು, ಬೆಲ್ಲದ ನೀರಿನಲ್ಲಿ ಕಲಸಿದ ರೈಜೋಬಿಯಂ ಕೊನೆಗೆ, ನೆರಳಿನಲ್ಲಿ ಆರಿಸಿ ಬಿತ್ತನೆ. ಹೂ ಬಿಟ್ಟಾಗ ಕಿತ್ತ ಗಿಡಗಳ ಗಂಟುಗಳನ್ನು ಸೀಳಿದರೆ ಒಳಗೆ ನಸುಗೆಂಪಿತ್ತು, ಅಂದರೆ ಸಾರಜನಕದ ಕೆಲಸ ನಡೆದಿತ್ತು. ಆದರೆ ಉಪಚರಿಸದೆ ಬಿಟ್ಟ ಸಾಲುಗಳಲ್ಲೂ ಹೆಚ್ಚುಕಡಿಮೆ ಹಾಗೆಯೇ ಇತ್ತು. ವರ್ಷಗಟ್ಟಲೆ ಶೇಂಗಾ ಬೆಳೆದ ಹೊಲದಲ್ಲಿ ಅಲ್ಲಿನವೇ ಬ್ಯಾಕ್ಟೀರಿಯಾಗಳು ನೆಲೆಯೂರಿರುವುದರಿಂದ ಇದರಲ್ಲಿ ಅಚ್ಚರಿಯಿಲ್ಲ. ವ್ಯತ್ಯಾಸ ಎದ್ದು ಕಂಡದ್ದು ಮೊದಲ ಬಾರಿಗೆ ಶೇಂಗಾ ಬಿತ್ತಿದ ತುಂಡು ಹೊಲದಲ್ಲಿ ಮಾತ್ರ.

ಇಂಥ ಪುಡಿಯ ಪ್ರತಿ ಗ್ರಾಂನಲ್ಲಿ ಕನಿಷ್ಠ 5 ಕೋಟಿ ಜೀವಂತ ಕೋಶಗಳಿರಬೇಕೆಂದು ರಸಗೊಬ್ಬರ ನಿಯಂತ್ರಣ ಆದೇಶ ಹೇಳುತ್ತದೆ, ಆದರೆ ಈ ಅಂಗಡಿಯಲ್ಲಿ ಪೊಟ್ಟಣಗಳನ್ನು ಜೋಡಿಸಿರುವುದು ಬಿಸಿಲು ಬೀಳುವ ಕಪಾಟಿನಲ್ಲಿ, ಆ ಕಾವಿಗೆ ಕೋಶಗಳು ಸಾಯುತ್ತವೆ. ಕೊಳ್ಳುವವರು ತಯಾರಿಕೆಯ ದಿನಾಂಕ ನೋಡಿ, ಒಳಗಿನ ಪೆಟ್ಟಿಗೆಯಿಂದಲೇ ಕೇಳಿ ಪಡೆಯುವುದು ಒಳ್ಳೆಯದು.