ಹಳೆಯ ಚಾಕು, ಕೈಕೆಲಸದ ಚಾಕು: ಐದು ಅಲಗುಗಳ ಹೋಲಿಕೆ

ಚಾಕು ಸಂಗ್ರಹಿಸುವವರು ಸಾಮಾನ್ಯವಾಗಿ ತಮ್ಮ ಪೆಟ್ಟಿಗೆಯನ್ನು ಎರಡು ಪಾಲು ಮಾಡಿಕೊಳ್ಳುತ್ತಾರೆ. ಒಂದು ಪಾಲಿನಲ್ಲಿ ಹಳೆಯ ಕಾರ್ಖಾನೆಗಳ ಮಡಿಚುವ ಚಾಕುಗಳು ಇರುತ್ತವೆ; ಇನ್ನೊಂದರಲ್ಲಿ ಒಬ್ಬನೇ ಕುಶಲಕರ್ಮಿ ಮೊದಲಿನಿಂದ ಕೊನೆಯವರೆಗೆ ತಾನೇ ಮಾಡಿ ತನ್ನ ಹೆಸರು ಒತ್ತಿದ ಚಾಕುಗಳು ಇರುತ್ತವೆ. ಮೊದಲನೆಯದಕ್ಕೆ ವಿಂಟೇಜ್ ಎಂದೂ ಎರಡನೆಯದಕ್ಕೆ ಹ್ಯಾಂಡ್‌ಮೇಡ್ ಎಂದೂ ಹೆಸರು. ನಾನೂ ಬಹುಕಾಲ ಈ ವಿಂಗಡಣೆಯನ್ನು ಪ್ರಶ್ನಿಸದೆ ಒಪ್ಪಿಕೊಂಡಿದ್ದೆ. ಒಂದು ವರ್ಷ ಐದು ಚಾಕುಗಳನ್ನು ಸರದಿಯ ಮೇಲೆ ಜೇಬಿನಲ್ಲಿಟ್ಟುಕೊಂಡು, ಒಂದೇ ಬಗೆಯ ಕೆಲಸಕ್ಕೆ ಹಚ್ಚಿ, ಒಂದೇ ಜೋಡಿ ಮಸೆಗಲ್ಲಿನ ಮೇಲೆ ಮಸೆದು ನೋಡಿದ ಮೇಲೆ, ಎರಡು ಪಾಲಿನ ನಡುವಿನ ಗೆರೆಯನ್ನು ಎಲ್ಲಿ ಎಳೆಯಬೇಕೆಂಬುದೇ ನನಗೆ ಸ್ಪಷ್ಟವಿಲ್ಲದಂತಾಗಿದೆ.

ಆ ಐದು ಚಾಕುಗಳು ಹೀಗಿದ್ದವು: ಇಂಗ್ಲೆಂಡಿನ ಷೆಫೀಲ್ಡ್ ನಗರದ ಜೋಸೆಫ್ ರಾಡ್ಜರ್ಸ್ ಅಂಡ್ ಸನ್ಸ್ ಸಂಸ್ಥೆಯ, ಕೊಂಬಿನ ಹಿಡಿಯ, ಎರಡು ಅಲಗಿನ ಹಳೆಯ ಚಾಕು, ಅಮೆರಿಕದ ಬ್ರಾಡ್‌ಫರ್ಡ್‌ನಲ್ಲಿ ತಯಾರಾದ, 1970ರ ಮುದ್ರೆಯುಳ್ಳ ಕೇಸ್ ಸಂಸ್ಥೆಯ ಟ್ರ್ಯಾಪರ್, ಜಪಾನಿನ ಮಿಕಿ ಪಟ್ಟಣದ ಹಿಗೊನೊಕಾಮಿ ಎಂಬ ಮಡಿಚುವ ಚಾಕು, ಫ್ರಾನ್ಸಿನ ಒಪಿನೆಲ್ 8, ಮತ್ತು ಈಗಲೂ ಕೆಲಸದಲ್ಲಿರುವ ಒಬ್ಬ ತಯಾರಕನಿಂದ ಹೇಳಿ ಮಾಡಿಸಿಕೊಂಡ, ಮಡಿಚಲಾಗದ, ಡ್ರಾಪ್ ಪಾಯಿಂಟ್ ಮಾದರಿಯ ಚಾಕು. ಕೊನೆಯ ಚಾಕುವಿನ ಬಗ್ಗೆ ಒಂದು ದೂರು ಹೇಳಬೇಕಾಗಿರುವುದರಿಂದ ಅದರ ತಯಾರಕನ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಕೆಲಸವೆಂದರೆ ರಟ್ಟಿನ ಪೆಟ್ಟಿಗೆಗಳನ್ನು ಸೀಳುವುದು, ನಾರಿನ ಹಗ್ಗ ಕತ್ತರಿಸುವುದು, ಒಣಮರದ ಕಡ್ಡಿಯನ್ನು ಕೆತ್ತುವುದು, ಪೆನ್ಸಿಲ್ ಹೆರೆಯುವುದು, ಇಷ್ಟೇ. ಮಸೆಯಲು 1000 ಮತ್ತು 6000 ದರ್ಜೆಯ ಎರಡು ಕಲ್ಲುಗಳನ್ನಷ್ಟೇ ಬಳಸಿದೆ.

ಒಪಿನೆಲ್ ಈ ಗುಂಪಿನಲ್ಲಿ ಅಳತೆಗೋಲಾಗಿ ಇದ್ದದ್ದು, ಸಂಗ್ರಹದ ವಸ್ತುವಾಗಿ ಅಲ್ಲ. ಜೋಸೆಫ್ ಒಪಿನೆಲ್ ಎಂಬಾತ 1890ರಲ್ಲಿ ಸಾವೋಯ್ ಪ್ರಾಂತದಲ್ಲಿ ರೂಪಿಸಿದ ಈ ಚಾಕುವಿಗೆ 1955ರಲ್ಲಿ ಸುತ್ತು ಉಂಗುರದ ಬೀಗ ಸೇರಿದ್ದನ್ನು ಬಿಟ್ಟರೆ ಮೂಲ ರಚನೆಯಲ್ಲಿ ಹೆಚ್ಚಿನ ಬದಲಾವಣೆ ಆಗಿಲ್ಲ. ಬೀಚ್ ಮರದ ಹಿಡಿ ತೇವಕ್ಕೆ ಉಬ್ಬಿ ಅಲಗನ್ನು ಕಚ್ಚಿ ಹಿಡಿಯುತ್ತದೆ. ಆಗ ಹಿಡಿಯ ಹಿಂತುದಿಯನ್ನು ಗಟ್ಟಿ ವಸ್ತುವಿಗೆ ಒಮ್ಮೆ ಕುಟ್ಟಿದರೆ ಅಲಗಿನ ತುದಿ ಬೆರಳಿಗೆ ಸಿಗುವಷ್ಟು ಹೊರಬರುತ್ತದೆ. ಇಂಗಾಲದ ಉಕ್ಕಿನ ತೆಳುವಾದ ಅಲಗು ರಟ್ಟಿನೊಳಗೆ ಇಳಿಯುವ ಸಲೀಸು ಕಂಡಾಗ, ಉಳಿದ ನಾಲ್ಕಕ್ಕೂ ಇದು ಕಷ್ಟದ ಸ್ಪರ್ಧಿ ಎಂಬುದು ಮೊದಲ ವಾರದಲ್ಲೇ ತಿಳಿಯಿತು.

ಹಿಗೊನೊಕಾಮಿಯದು ಇನ್ನೂ ಸರಳವಾದ ರಚನೆ. ಮಡಚಿದ ಹಿತ್ತಾಳೆಯ ತಗಡೇ ಹಿಡಿ. ಸ್ಪ್ರಿಂಗ್ ಇಲ್ಲ, ಬೀಗವೂ ಇಲ್ಲ. ಅಲಗಿನ ಬುಡದಲ್ಲಿ ಹೊರಚಾಚಿದ ಚಿಕಿರಿ ಎಂಬ ಸಣ್ಣ ಬಾಲವನ್ನು ಹೆಬ್ಬೆರಳು ಒತ್ತಿ ಹಿಡಿದಿರುವಷ್ಟು ಹೊತ್ತು ಅಲಗು ತೆರೆದಿರುತ್ತದೆ. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಹುಟ್ಟಿ, ಒಂದು ಕಾಲದಲ್ಲಿ ಜಪಾನಿನ ಶಾಲಾಮಕ್ಕಳ ಪೆನ್ಸಿಲ್ ಹೆರೆಯುವ ಸಾಧನವಾಗಿದ್ದ ಈ ಚಾಕುವನ್ನು ಆ ಹೆಸರಿನಲ್ಲಿ ಮಾಡುವ ಹಕ್ಕು ಈಗ ಮಿಕಿಯ ನಾಗಾವೊ ಕುಟುಂಬದ ಕುಲುಮೆಯೊಂದಕ್ಕೇ ಉಳಿದಿದೆ. ನನ್ನಲ್ಲಿರುವುದು ಮೆದುಕಬ್ಬಿಣದ ನಡುವೆ ಅವೊಗಾಮಿ ಎಂಬ ಗಡಸು ಉಕ್ಕನ್ನು ಬೆಸೆದ ಬಗೆಯದು. ಐದರಲ್ಲಿ ಅತಿ ಹೆಚ್ಚು ಕಾಲ ಹರಿತ ಉಳಿಸಿಕೊಂಡದ್ದು ಇದೇ. ಮಸೆಯುವ ಕೆಲಸವೂ ಸುಲಭ, ಏಕೆಂದರೆ ಇಳಿಜಾರಿನ ಇಡೀ ಮುಖವನ್ನು ಕಲ್ಲಿನ ಮೇಲೆ ಚಪ್ಪಟೆಯಾಗಿ ಒರಗಿಸಿದರೆ ಸಾಕು, ಕೋನವನ್ನು ಕೈ ಊಹಿಸಬೇಕಾಗಿಲ್ಲ. ಆದರೆ ರಟ್ಟನ್ನು ಹದಿನೈದು ನಿಮಿಷ ಸೀಳಿದರೆ ತಗಡಿನ ಅಂಚು ಅಂಗೈಯನ್ನು ಒತ್ತಿ ಗೆರೆ ಮೂಡಿಸುತ್ತದೆ; ಇದು ಕೆಲಸಕ್ಕಿಂತ ಹೆರೆತಕ್ಕೆ ಒಗ್ಗಿದ ಚಾಕು.

ಕೇಸ್ ಚಾಕುಗಳು ಸಂಗ್ರಾಹಕರನ್ನು ಮರುಳು ಮಾಡುವುದು ಅಲಗಿನಿಂದಲ್ಲ, ಅಲಗಿನ ಬುಡದ ಮುದ್ರೆಯಿಂದ. 1970ರಲ್ಲಿ ಸಂಸ್ಥೆ ತನ್ನ ಮುದ್ರೆಯ ಕೆಳಗೆ ಹತ್ತು ಚುಕ್ಕೆಗಳನ್ನು ಹಾಕಲು ಆರಂಭಿಸಿ, ಮುಂದೆ ವರ್ಷಕ್ಕೊಂದರಂತೆ ಕಳೆಯುತ್ತ ಹೋಯಿತು. ಹೀಗಾಗಿ ಏಳು ಚುಕ್ಕೆಯ ಚಾಕು 1973ರದ್ದು ಎಂದು ಮಗುವೂ ಹೇಳಬಲ್ಲದು. ಬುಡದ ಹಿಂಬದಿಯಲ್ಲಿರುವ 6254 ಎಂಬ ಸಂಖ್ಯೆಯನ್ನೂ ಓದಲು ಕಲಿಯಬೇಕು: ಮೊದಲ ಆರು ಹಿಡಿಯ ಸಾಮಗ್ರಿಗೆ, ಎರಡು ಅಲಗುಗಳ ಎಣಿಕೆಗೆ, ಐವತ್ನಾಲ್ಕು ಟ್ರ್ಯಾಪರ್ ಎಂಬ ಮಾದರಿಗೆ. ಇಷ್ಟು ಸ್ಪಷ್ಟವಾದ ಲೆಕ್ಕವಿರುವಲ್ಲಿ ಮೋಸಕ್ಕೂ ದಾರಿ ಸುಲಭ. ಎಲ್ಲ ಚುಕ್ಕೆಗಳನ್ನೂ ಉಜ್ಜಿ ತೆಗೆದರೆ ಚಾಕು 1965ರಿಂದ 1969ರ ನಡುವಿನದೆಂಬಂತೆ ತೋರುತ್ತದೆಯಾದ್ದರಿಂದ, ಮುದ್ರೆಯ ಕೆಳಗಿನ ಉಕ್ಕು ಸುತ್ತಲಿಗಿಂತ ತಗ್ಗಾಗಿದೆಯೇ ಎಂದು ಭೂತಗನ್ನಡಿ ಹಿಡಿದು ನೋಡುವುದು ಒಳ್ಳೆಯದು. ಆ ಕಾಲದಲ್ಲಿ ಮೂಳೆಯ ಹಿಡಿಗಳ ಜೊತೆಗೆ ಅದರಂತೆಯೇ ಕಾಣುವ ಡೆಲ್ರಿನ್ ಎಂಬ ಪ್ಲಾಸ್ಟಿಕ್ ಹಿಡಿಗಳೂ ಬಂದವು. ನಿಜವಾದ ಮೂಳೆಯಲ್ಲಿ ಸಣ್ಣ ಕಪ್ಪು ಗೆರೆಗಳಂಥ ರಂಧ್ರಗಳು ಕಾಣುತ್ತವೆ, ಪ್ಲಾಸ್ಟಿಕ್‌ನಲ್ಲಿ ಕಾಣುವುದಿಲ್ಲ.

ಬಳಕೆಯಲ್ಲಿ ಟ್ರ್ಯಾಪರ್ ನನ್ನನ್ನು ಹೆಚ್ಚು ಸಂತೋಷಪಡಿಸಿದ್ದು ಅದರ ಸ್ಪ್ರಿಂಗ್‌ನಿಂದ. ಅಲಗು ತೆರೆಯುವಾಗಿನ ಬಿಗಿಯನ್ನೂ ತೆರೆದು ನಿಲ್ಲುವಾಗಿನ ಕಟ್ ಎಂಬ ಸದ್ದನ್ನೂ ಸೇರಿಸಿ ಅಲ್ಲಿನ ಸಂಗ್ರಾಹಕರು 'ವಾಕ್ ಅಂಡ್ ಟಾಕ್' ಎನ್ನುತ್ತಾರೆ. ನಡೆ-ನುಡಿ ಎಂಬ ನಮ್ಮ ಮಾತು ಇದಕ್ಕೆ ಹೇಳಿ ಮಾಡಿಸಿದಂತಿದೆ. ನನ್ನ ಟ್ರ್ಯಾಪರಿನ ನಡೆ-ನುಡಿ ಐವತ್ತು ವರ್ಷ ಕಳೆದ ಮೇಲೂ ನೇರವಾಗಿದೆ. ಆದರೆ ಕ್ರೋಮ್ ವನೇಡಿಯಂ ಉಕ್ಕಿನ ಅದರ ಅಲಗು ಬಹು ಬೇಗ ಹರಿತವಾಗಿ ಅಷ್ಟೇ ಬೇಗ ಮೊಂಡಾಗುತ್ತದೆ. ನಾರಿನ ಹಗ್ಗದ ಮೇಲೆ ಅದು ಹಿಗೊನೊಕಾಮಿಯ ಅರ್ಧ ದೂರವನ್ನೂ ನಡೆಯಲಿಲ್ಲ.

ಇನ್ನು ರಾಡ್ಜರ್ಸ್. ಈ ಚಾಕು ನನ್ನ ಕೈಗೆ ಬಂದಾಗ ದೊಡ್ಡ ಅಲಗು ಮಸೆತದಿಂದ ಸ್ವಲ್ಪ ಸವೆದಿತ್ತು, ಹಿಡಿಯ ಒಂದು ಮೊಳೆಯ ಸುತ್ತ ಕೊಂಬು ಕೂದಲೆಳೆಯಷ್ಟು ಬಿರುಕು ಬಿಟ್ಟಿತ್ತು. ಬುಡದಲ್ಲಿ ನಕ್ಷತ್ರ ಮತ್ತು ಮಾಲ್ಟಾ ಶಿಲುಬೆಯ ಗುರುತು ಇದೆ. ಷೆಫೀಲ್ಡಿನಲ್ಲಿ ಇದು ರಾಡ್ಜರ್ಸ್ ಸಂಸ್ಥೆಯ ಗುರುತು. ಅದರ ಮೇಲೆ ಕಿರೀಟದ ಎರಡೂ ಬದಿಗೆ ವಿ ಮತ್ತು ಆರ್ ಎಂಬ ಅಕ್ಷರಗಳಿವೆ. ಅರಸರ ಹೆಸರಿನ ಮೊದಲಕ್ಷರ ಒತ್ತುವ ಈ ಪದ್ಧತಿಯಿಂದಾಗಿ ಚಾಕು ವಿಕ್ಟೋರಿಯಾ ರಾಣಿಯ ಕಾಲದ್ದು, ಅಂದರೆ 1837 ಮತ್ತು 1901ರ ನಡುವಿನದು ಎಂದು ಹೇಳಬಹುದು. ಕೇಸ್‌ನ ಚುಕ್ಕೆಗಳು ವರ್ಷವನ್ನೇ ಹೇಳಿದರೆ ಇದು ಅರವತ್ತನಾಲ್ಕು ವರ್ಷಗಳ ಅಂಗಳವನ್ನು ತೋರಿಸಿ ಸುಮ್ಮನಾಗುತ್ತದೆ. ದಂತದ ಹಿಡಿಯ ರಾಡ್ಜರ್ಸ್ ಚಾಕುಗಳೂ ಸಿಗುತ್ತವೆ. ಆನೆದಂತದ ಅಂತಾರಾಷ್ಟ್ರೀಯ ವ್ಯಾಪಾರದ ಮೇಲಿರುವ ನಿರ್ಬಂಧಗಳನ್ನೂ, ಅದಕ್ಕಿಂತ ಹೆಚ್ಚಾಗಿ ಆ ದಂತ ಬಂದ ಬಗೆಯನ್ನೂ ನೆನೆದು ನಾನು ಅವುಗಳ ಗೊಡವೆಗೆ ಹೋಗಿಲ್ಲ.

ಒಂದು ಶತಮಾನಕ್ಕಿಂತ ಹಳೆಯದಾದ ಅಲಗನ್ನು ಕೆಲಸಕ್ಕೆ ಹಚ್ಚುವುದು ಸರಿಯೇ ಎಂಬ ಹಿಂಜರಿಕೆ ನನಗಿತ್ತು. ಈಗಾಗಲೇ ಸವೆದ ಚಾಕುವನ್ನೇ ಆರಿಸಿಕೊಂಡದ್ದು ಅದೇ ಕಾರಣಕ್ಕೆ. ಒಮ್ಮೆಯೂ ಮಸೆಯದ, ಮೂಲ ಹೊಳಪು ಉಳಿದಿರುವ ಚಾಕುವನ್ನು ಹೀಗೆ ಪರೀಕ್ಷೆಗೆ ಒಡ್ಡುವುದು ಅಪರಾಧವೆಂದೇ ನನ್ನ ಭಾವನೆ. ಅಲಗಿನ ಬೂದುನೀಲಿ ಪೊರೆಯನ್ನು ತೆಗೆಯದೆ, ಕೆಂಪು ತುಕ್ಕನ್ನಷ್ಟೇ ಎಣ್ಣೆ ಹಚ್ಚಿದ ಮೆದು ಬಟ್ಟೆಯಿಂದ ಒರೆಸಿ ಕಲ್ಲಿನ ಮೇಲಿಟ್ಟೆ. ಅದು ಹರಿತವಾದ ರೀತಿ ಬೇರೆಯೇ ಆಗಿತ್ತು. ಎಂಟು ಹತ್ತು ಎಳೆತಗಳಲ್ಲಿ ಬಾಯಿ, ಅಂದರೆ ಕತ್ತರಿಸುವ ಅಂಚು, ಕೂಡಿಬಂತು, ಮತ್ತು ಒಣಮರದ ಕಡ್ಡಿಯಿಂದ ಅದು ತೆಗೆದ ಸುರುಳಿ ಬೆಳಕು ಹಾಯುವಷ್ಟು ತೆಳುವಾಗಿತ್ತು. ಕ್ಯಾಲಿಪರ್ ಹಿಡಿದು ಬಾಯಿಯ ಹಿಂದಿನ ದಪ್ಪವನ್ನು ಅಳೆದರೆ ಮಿಲಿಮೀಟರಿನ ಕಾಲು ಭಾಗವೂ ಇರಲಿಲ್ಲ, ಒಪಿನೆಲ್‌ಗಿಂತಲೂ ಕಡಿಮೆ.

ಈ ತೆಳುವಿನ ಕಾರಣ ಷೆಫೀಲ್ಡಿನ ಕೆಲಸದ ಹಂಚಿಕೆಯಲ್ಲಿದೆ. ಅಲ್ಲಿ ಚಾಕು ಮಾಡುವವನೆಂದು ಒಬ್ಬನೇ ಇರಲಿಲ್ಲ. ಉಕ್ಕನ್ನು ಕಾಯಿಸಿ ಬಡಿದು ಅಲಗಿನ ರೂಪ ಕೊಡುವವನು ಒಬ್ಬ, ಅದನ್ನು ಮರಳುಗಲ್ಲಿನ ಚಕ್ರದ ಮೇಲೆ ಸಾಣೆ ಹಿಡಿಯುವವನು ಇನ್ನೊಬ್ಬ, ಸ್ಪ್ರಿಂಗ್ ಮತ್ತು ಹಿಡಿಯನ್ನು ಕೂಡಿಸಿ ನಡೆ-ನುಡಿ ತಿದ್ದುವವನು ಮತ್ತೊಬ್ಬ. ಮೂರೂ ಬೇರೆ ಬೇರೆ ಕಸುಬುಗಳು. ಹಲವರು 'ಲಿಟ್ಲ್ ಮೆಸ್ಟರ್' ಎಂಬ ಹೆಸರಿನ, ಬಾಡಿಗೆ ಕೋಣೆಯಲ್ಲಿ ಸ್ವಂತವಾಗಿ ದುಡಿಯುವ ಸಣ್ಣ ಯಜಮಾನರಾಗಿದ್ದರು. ಹದಿಹರೆಯದಲ್ಲಿ ಚಕ್ರದ ಮುಂದೆ ಕುಳಿತ ಸಾಣೆಗಾರ ಜೀವಮಾನವೆಲ್ಲ ಅದೊಂದನ್ನೇ ಮಾಡುತ್ತಿದ್ದ, ಮತ್ತು ಕಲ್ಲಿನ ಧೂಳು ಶ್ವಾಸಕೋಶಕ್ಕೆ ಸೇರಿ ಆ ಜೀವಮಾನವೂ ಬಹುಪಾಲು ಮೊಟಕಾಗಿರುತ್ತಿತ್ತು. ನನ್ನ ಅಲಗಿನ ಮೇಲೆ ಸಂಸ್ಥೆಯ ಹೆಸರಿದೆ, ರಾಣಿಯ ಅಕ್ಷರಗಳಿವೆ, ಆದರೆ ಆ ಕಾಲು ಮಿಲಿಮೀಟರನ್ನು ಸಾಧಿಸಿದವನ ಹೆಸರಿಲ್ಲ. ಇದನ್ನು ಕಾರ್ಖಾನೆಯ ಚಾಕು ಎಂದು ಕರೆದು ಕೈಕೆಲಸದ ಪಾಲಿನಿಂದ ಹೊರಗಿಡುವುದು ಯಾವ ನ್ಯಾಯ? ಹದಿಹರೆಯದಲ್ಲೇ ಈ ಕಸುಬಿಗೆ ಸೇರಿ, 2021ರಲ್ಲಿ ತೀರಿಕೊಳ್ಳುವವರೆಗೆ ಷೆಫೀಲ್ಡಿನ ಮಡಿಚುವ ಚಾಕುವಿಗೆ ತನ್ನದೇ ಹೆಸರು ತಂದುಕೊಟ್ಟ ಸ್ಟಾನ್ ಶಾ ಅವರಂಥವರು ಅಪವಾದ.

ಒಬ್ಬನೇ ಎಲ್ಲವನ್ನೂ ಮಾಡಬೇಕೆಂಬ ಆದರ್ಶಕ್ಕೆ ಇಪ್ಪತ್ತನೆಯ ಶತಮಾನದ ಅಮೆರಿಕ ಹೆಚ್ಚಿನ ಬಲ ಕೊಟ್ಟಿತು. ಬಾಬ್ ಲವ್‌ಲೆಸ್ ತನಗೆ ಬೇಕಾದ ರಾಂಡಲ್ ಎಂಬ ತಯಾರಕನ ಚಾಕುವಿಗಾಗಿ ತಿಂಗಳುಗಟ್ಟಲೆ ಕಾಯಬೇಕೆಂದು ತಿಳಿದಾಗ, ಹಳೆಯ ಪ್ಯಾಕರ್ಡ್ ಕಾರಿನ ಸ್ಪ್ರಿಂಗ್ ಪಟ್ಟಿಯಿಂದ ತಾನೇ ಒಂದನ್ನು ಮಾಡಿಕೊಂಡು ಈ ಕಸುಬಿಗೆ ಇಳಿದವರು. ಬೆನ್ನಿನಿಂದ ಮೊನೆಯ ಕಡೆಗೆ ಮೆಲ್ಲನೆ ಇಳಿಯುವ ಡ್ರಾಪ್ ಪಾಯಿಂಟ್ ರೂಪವನ್ನು ಜನಪ್ರಿಯಗೊಳಿಸಿದವರು ಅವರೇ. 154ಸಿಎಂ ಎಂಬ ಉಕ್ಕನ್ನು ಚಾಕುಗಾರರ ನಡುವೆ ತಂದವರೂ ಅವರೇ. ಕುಲುಮೆಯ ಪಕ್ಷದಲ್ಲಿ, ಅಂದರೆ ಉಕ್ಕನ್ನು ಕಾಯಿಸಿ ಬಡಿದು ಅಲಗು ಮಾಡುವವರಲ್ಲಿ, ಬಿಲ್ ಮೊರಾನ್ ಇದ್ದರು. ಅವರು 1973ರಲ್ಲಿ ಪದರ ಬೆಸೆದ ಡಮಾಸ್ಕಸ್ ಅಲಗುಗಳನ್ನು ಮತ್ತೆ ಜನರ ಮುಂದಿಟ್ಟರು, 1976ರಲ್ಲಿ ಅಮೆರಿಕನ್ ಬ್ಲೇಡ್‌ಸ್ಮಿತ್ ಸೊಸೈಟಿ ಹುಟ್ಟಲು ಕಾರಣರಾದರು. ಆ ಸೊಸೈಟಿಯ ಪರೀಕ್ಷೆ ನನಗೆ ಬಹಳ ಇಷ್ಟ: ಒಂದೇ ಅಲಗು ತೂಗುಬಿಟ್ಟ ಒಂದಂಗುಲ ದಪ್ಪದ ಹಗ್ಗವನ್ನು ಒಂದೇ ಏಟಿಗೆ ತುಂಡರಿಸಬೇಕು, ಮರದ ಪಟ್ಟಿಯನ್ನು ಎರಡು ಬಾರಿ ಕಡಿದು ಹಾಕಬೇಕು, ಆಮೇಲೂ ತೋಳಿನ ಕೂದಲು ಬೋಳಿಸಬೇಕು, ಕೊನೆಗೆ ಇಕ್ಕಳದಲ್ಲಿ ತೊಂಬತ್ತು ಡಿಗ್ರಿ ಬಗ್ಗಿಸಿದರೂ ಮುರಿಯಬಾರದು.

ನಾನು ಮಾಡಿಸಿಕೊಂಡದ್ದು ಲವ್‌ಲೆಸ್ ಪರಂಪರೆಯ, 154ಸಿಎಂ ಉಕ್ಕಿನ ಚಾಕು. ನೋಡಲು ಐದರಲ್ಲಿ ಅತ್ಯಂತ ಚೆಲುವಾದದ್ದು ಇದೇ ಎಂಬುದರಲ್ಲಿ ಅನುಮಾನವಿಲ್ಲ. ಹಿಡಿಯೊಳಗಿನ ಉಕ್ಕಿನ ಪಟ್ಟಿ ಹಿಂತುದಿಗೆ ಹೋದಂತೆ ಸಣ್ಣದಾಗುತ್ತ ಬಂದು ತೂಕವನ್ನು ತೋರುಬೆರಳಿನ ಕೆಳಗೆ ನಿಲ್ಲಿಸುತ್ತದೆ. ಮರ ಮತ್ತು ಲೋಹ ಕೂಡುವಲ್ಲಿ ಉಗುರಿಗೆ ಸಂದು ಸಿಗುವುದಿಲ್ಲ. ಆದರೆ ರಟ್ಟಿಗೆ ಇಳಿಸಿದರೆ ಅದು ಕತ್ತರಿಸುವ ಬದಲು ಬೆಣೆಯಂತೆ ಸೀಳುತ್ತ ಹೋಯಿತು. ಅಳೆದು ನೋಡಿದೆ: ಬಾಯಿಯ ಹಿಂದೆ ಮಿಲಿಮೀಟರಿಗೆ ತುಸು ಕಡಿಮೆ, ಅಂದರೆ ರಾಡ್ಜರ್ಸ್‌ನ ಮೂರು ಪಟ್ಟಿಗೂ ಹೆಚ್ಚು ದಪ್ಪ. ಉಕ್ಕು ಉತ್ತಮ, ಹದ ಉತ್ತಮ, ಒಮ್ಮೆ ಬಂದ ಹರಿತ ಹಿಗೊನೊಕಾಮಿಗೆ ಸರಿಸಾಟಿಯಾಗಿ ನಿಂತಿತು. ಆದರೂ ಹರಿತವಿದ್ದ ಈ ಚಾಕುವಿಗಿಂತ ಅರೆ ಮೊಂಡಾದ ರಾಡ್ಜರ್ಸ್ ರಟ್ಟಿನಲ್ಲಿ ಹಗುರವಾಗಿ ಸಾಗುತ್ತಿತ್ತು. ಮೂರು ಕಸುಬನ್ನೂ ಒಬ್ಬನೇ ಕಲಿತಾಗ ಯಾವುದಾದರೊಂದರಲ್ಲಿ ಕೈ ಹಿಂಜರಿಯುತ್ತದೆ. ಸಾಣೆಯಲ್ಲಿ ಹಿಂಜರಿದವನು ಅಲಗನ್ನು ದಪ್ಪಗೆ ಬಿಟ್ಟು ಅದಕ್ಕೆ ಗಟ್ಟಿತನ ಎಂಬ ಹೆಸರು ಕೊಡುತ್ತಾನೆ.

ಕಾಪಾಡುವ ವಿಷಯದಲ್ಲಿ ಎಲ್ಲವುಗಳ ಸ್ವಭಾವವೂ ಹೆಚ್ಚು ಕಡಿಮೆ ಒಂದೇ. ಚರ್ಮದ ಒರೆಯಲ್ಲಿ ಅಲಗನ್ನು ದೀರ್ಘಕಾಲ ಇಡಬಾರದು, ಏಕೆಂದರೆ ಚರ್ಮ ತೇವ ಹೀರಿಕೊಳ್ಳುತ್ತದೆ ಮತ್ತು ಹದ ಮಾಡಿದಾಗಿನ ರಾಸಾಯನಿಕಗಳು ಅದರಲ್ಲಿ ಉಳಿದಿರುತ್ತವೆ. 154ಸಿಎಂ ಕೂಡ ಅಲ್ಲಿ ಚುಕ್ಕೆ ಕಟ್ಟುತ್ತದೆ. ಹಳೆಯ ಸೆಲ್ಯುಲಾಯ್ಡ್ ಹಿಡಿಯ ಚಾಕು ಇದ್ದರೆ ಅದನ್ನು ಬೇರೆ ಪೆಟ್ಟಿಗೆಯಲ್ಲಿಡಬೇಕು, ಅದು ಕೊಳೆಯುವಾಗ ಬಿಡುವ ಆವಿ ಅಕ್ಕಪಕ್ಕದ ಅಲಗುಗಳನ್ನೂ ತಿಂದುಹಾಕುತ್ತದೆ.

ಅಳತೆಗಳನ್ನು ಬರೆದು ಕಳಿಸಿದಾಗ ತಯಾರಕ ಬೇಸರಿಸಿಕೊಳ್ಳಲಿಲ್ಲ. ಚಾಕುವನ್ನು ತರಿಸಿಕೊಂಡು, ಹದ ಕೆಡದಂತೆ ಮತ್ತೆ ಮತ್ತೆ ನೀರಿಗೆ ಅದ್ದುತ್ತ, ಎರಡೂ ಬದಿಯನ್ನು ಹೊಸದಾಗಿ ಸಾಣೆ ಹಿಡಿದ. ಬಾಯಿಯ ಹಿಂದಿನ ದಪ್ಪ ಈಗ ಮೊದಲಿನ ಅರ್ಧಕ್ಕಿಂತ ಕಡಿಮೆ. ರಟ್ಟಿನಲ್ಲಿ ಒಪಿನೆಲ್‌ಗೆ ಹತ್ತಿರ ಬಂದಿದೆ; ರಾಡ್ಜರ್ಸ್‌ಗೆ ಇನ್ನೂ ಸಮವಲ್ಲ, ಆದರೆ ದಿನವೂ ಸೊಂಟಕ್ಕೆ ಸಿಕ್ಕಿಸಿಕೊಳ್ಳುವ ಚಾಕು ಈಗ ಇದೇ. ಸಾಣೆಯ ಭರದಲ್ಲಿ ಅಲಗಿನ ಪಕ್ಕದ ಮೂಲ ಮುದ್ರೆ ಅಳಿಸಿಹೋದ್ದರಿಂದ ಆತ ಹೊಸದೊಂದನ್ನು ಒತ್ತಿ, ಪದ್ಧತಿಯಂತೆ ಅದರ ಕೆಳಗೆ ಸಾಣೆ ಹಿಡಿದ ವರ್ಷವನ್ನು ನಮೂದಿಸಿದ್ದಾನೆ. ಹೀಗಾಗಿ ಚಾಕು ತಾನು ಹುಟ್ಟಿದ ವರ್ಷಕ್ಕಿಂತ ಎರಡು ವರ್ಷ ಎಳೆಯದೆಂದು ಹೇಳಿಕೊಳ್ಳುತ್ತಿದೆ. ಮುಂದೊಂದು ದಿನ ಭೂತಗನ್ನಡಿ ಹಿಡಿದು ಇದನ್ನು ಪರೀಕ್ಷಿಸುವವರಿಗಾಗಿ, ನಡೆದದ್ದನ್ನು ಒಂದು ಚೀಟಿಯಲ್ಲಿ ಬರೆದು ಪೆಟ್ಟಿಗೆಯ ತಳದಲ್ಲಿಟ್ಟಿದ್ದೇನೆ.