ಟ್ಯಾಕ್ಸ್ ಮೊದಲು ಕಟ್ಟಿ ಅಂದರೆ ಅಲ್ಲಿಗೇ ನಿಲ್ಲಿಸಿ

ನಾಚಿಕೆ ಬಿಟ್ಟು ಬರೆಯುತ್ತಿದ್ದೇನೆ. ನಾನು ಸಹಕಾರಿ ಬ್ಯಾಂಕಿನ ಗುಮಾಸ್ತ. ದಿನಾ ಕೌಂಟರಿನಲ್ಲಿ ಕೂತು ಬೇರೆಯವರ ಕೆವೈಸಿ ಕಾಗದ ತಿರುವಿ ನೋಡುವವನು. ಒಟಿಪಿ ಯಾರಿಗೂ ಹೇಳಬೇಡಿ ಅಂತ ಊರಿಗೆಲ್ಲ ಬುದ್ಧಿ ಹೇಳುವವನು. ಅಂಥವನ ಎರಡೂವರೆ ಲಕ್ಷ ಹೋಯಿತು.

ಅದೊಂದು ಬಿಟ್‌ಕಾಯಿನ್‌ನಂಥ ಡಿಜಿಟಲ್ ನಾಣ್ಯ ಕೊಂಡು ಮಾರುವ ಕ್ರಿಪ್ಟೋ ಎಕ್ಸ್‌ಚೇಂಜ್ ಆ್ಯಪ್. ಹೆಸರು ಹೇಳಿ ಪ್ರಯೋಜನವಿಲ್ಲ, ನಾಳೆ ಬೇರೆ ಹೆಸರಿನಲ್ಲಿ ಬರುತ್ತಾರೆ. ಅವರ ಚಾಟ್ ಗ್ರೂಪಿನಲ್ಲಿ ಎಫ್‌ಐಯು (ಅನುಮಾನದ ಹಣ ವ್ಯವಹಾರದ ಮೇಲೆ ಕಣ್ಣಿಡುವ ಕೇಂದ್ರ ಸರ್ಕಾರದ ಸಂಸ್ಥೆ) ನೋಂದಣಿ ಸರ್ಟಿಫಿಕೇಟ್ ಹಾಕಿದ್ದರು. ಸಿಂಹದ ಮುದ್ರೆ, ಸೀಲು, ಸಹಿ ಎಲ್ಲ ಇತ್ತು. "ಸೆಂಟ್ರಲ್ ಗವರ್ನಮೆಂಟ್ ಪರ್ಮಿಷನ್ ಸರ್, ಏನೂ ಯೋಚ್ನೆ ಮಾಡ್ಬೇಡಿ" ಅಂದರು. ಮೊದಲು 4,000 ವಾಪಸ್ ತೆಗೆದೆ, ಹತ್ತೇ ನಿಮಿಷಕ್ಕೆ ಬಂತು. ಅಲ್ಲೇ ಬಿದ್ದೆ. ಹೆಂಡತಿಯ ಚೀಟಿ ದುಡ್ಡೂ ಸೇರಿಸಿ 1,80,000 ಹಾಕಿದೆ. ಪ್ರತಿ ಸಲ ಬೇರೆ ಬೇರೆ ಯುಪಿಐ. ಒಂದು ಸಲವಂತೂ ಯಾವುದೋ ಫ್ಯಾನ್ಸಿ ಸ್ಟೋರ್ ಹೆಸರು ಬಂತು. ಎಕ್ಸ್‌ಚೇಂಜಿಗೂ ಬಳೆ ಅಂಗಡಿಗೂ ಏನು ಸಂಬಂಧ? ಆಗ ಕೇಳಲಿಲ್ಲ.

ಆ್ಯಪ್‌ನಲ್ಲಿ 4,10,000 ತೋರಿಸುತ್ತಿತ್ತು. ತೆಗೆಯಲು ಹೋದರೆ, "ಸರ್, ಲಾಭದ ಮೇಲೆ 30% ಟ್ಯಾಕ್ಸ್, 69,000 ಮೊದಲು ಕಟ್ಟಬೇಕು."

"ಅದರಲ್ಲೇ ಹಿಡ್ಕೊಳ್ಳಿ."

"ಸಿಸ್ಟಮ್ ಅಲೋ ಮಾಡಲ್ಲ ಸರ್. ಗವರ್ನಮೆಂಟ್ ರೂಲ್."

ಕಟ್ಟಿದೆ! 30% ಅನ್ನುವುದು ನಿಜವಾದ ಸಂಖ್ಯೆ, 2022ರ ಬಜೆಟ್‌ನಲ್ಲೇ ಬಂದದ್ದು. ಅದಕ್ಕೇ ನಂಬಿದೆ. ಆದರೆ ಅದನ್ನು ರಿಟರ್ನ್ ಹಾಕುವಾಗ ನಾವು ಸರ್ಕಾರಕ್ಕೆ ಕಟ್ಟುವುದು. ಇಲ್ಲಿನ ಎಕ್ಸ್‌ಚೇಂಜ್ ಹಿಡಿಯುವುದು ಮಾರುವಾಗಿನ 1% ಟಿಡಿಎಸ್, ಅದೂ ನಮಗೆ ಬರುವ ದುಡ್ಡಿನಲ್ಲೇ. ಗೊತ್ತಿತ್ತು ನನಗೆ. ಗೊತ್ತಿದ್ದೂ ಕಟ್ಟಿದೆ.

ಆಮೇಲೆ "ವೆರಿಫಿಕೇಷನ್ ಫೀಸ್" 25,000 ಕೇಳಿದರು. ಇಲ್ಲ ಅಂದೆ. ಅಲ್ಲಿಯವರೆಗೆ 'ಸರ್' ಅನ್ನುತ್ತಿದ್ದವನು, "ಬ್ರೋ, ಕಟ್ಟದಿದ್ರೆ ಅಕೌಂಟ್ ಫ್ರೀಜ್ ಆಗುತ್ತೆ, ನಮ್ ತಪ್ಪಲ್ಲ" ಅಂದ. ರಾತ್ರಿ ಗ್ರೂಪಿನಿಂದಲೇ ತೆಗೆದರು.

ಆ ಸರ್ಟಿಫಿಕೇಟ್ ಅಸಲಿಯೇ ಆಗಿದ್ದರೂ ನಮಗೇನು ಬಂತು? 2023ರ ಮಾರ್ಚ್‌ನಿಂದ ಎಕ್ಸ್‌ಚೇಂಜ್‌ಗಳು ಅಕ್ರಮ ಹಣ ವರ್ಗಾವಣೆ ತಡೆ ಕಾಯ್ದೆಯಡಿ ಬಂದಿವೆ, ಅನುಮಾನದ ವ್ಯವಹಾರದ ವರದಿಯನ್ನು ಎಫ್‌ಐಯುಗೆ ಕೊಡಬೇಕು. ಅಷ್ಟೇ. ನಮ್ಮ ದುಡ್ಡಿಗೆ ಅದು ಗ್ಯಾರಂಟಿಯಲ್ಲ. ಬ್ಯಾಂಕ್ ಠೇವಣಿಗೆ 5 ಲಕ್ಷದ ವಿಮೆ ಇದೆ ಅಲ್ವಾ, ಇಲ್ಲಿ ಅದೂ ಇಲ್ಲ. ವಜೀರ್‌ಎಕ್ಸ್ ನಿಜವಾದ ಎಕ್ಸ್‌ಚೇಂಜ್. 2024ರ ಜುಲೈನಲ್ಲಿ ಅಲ್ಲಿ ಸುಮಾರು 23 ಕೋಟಿ ಡಾಲರ್ ಕಳವಾಗಿ, ಜನರ ದುಡ್ಡು ತಿಂಗಳುಗಟ್ಟಲೆ ಸಿಕ್ಕಿಕೊಂಡಿತ್ತು.

ಹಣ ಹೋದ ತಕ್ಷಣ ಸೈಬರ್ ವಂಚನೆ ಸಹಾಯವಾಣಿ 1930ಕ್ಕೆ ಫೋನ್ ಮಾಡಿ. ನಾನು ಮರ್ಯಾದೆಗೆ ಅಂಜಿ ಐದು ದಿನ ಸುಮ್ನೆ ಕೂತೆ. ಅಷ್ಟರಲ್ಲಿ ಆ ಖಾತೆಗಳೆಲ್ಲ ಖಾಲಿ.

ನಿನ್ನೆ ಇನ್ನೊಂದು ಕರೆ. "ಸರ್, ನಿಮ್ ಕ್ರಿಪ್ಟೋ ದುಡ್ಡು ರಿಕವರಿ ಮಾಡಿ ಕೊಡ್ತೀವಿ, ಫೀಸ್ ಎಂಟೇ ಸಾವಿರ." ದುಡ್ಡು ಹೋದ ವಿಷಯ ಇನ್ನೂ ಹೆಂಡತಿಗೇ ಹೇಳಿಲ್ಲ. ಇವನಿಗೆ ಹೇಗೆ ಗೊತ್ತಾಯಿತು?