ದೈತ್ಯ ಕುಂಬಳಕ್ಕೆ ಡ್ರಿಪ್ ಕಿಟ್: ಪೈಪಿಗೆ ಐದು ಸ್ಟಾರ್, ಟೈಮರಿಗೆ ಒಂದು

ಮೊದಲೇ ಹೇಳಿಬಿಡುತ್ತೇನೆ, ಇದು ಕುಂಡದ ಟೊಮೆಟೊಗೆ ಡ್ರಿಪ್ ಹಾಕಿದವರ ರಿವ್ಯೂ ಅಲ್ಲ. ಒಂದೇ ಒಂದು ಕುಂಬಳದ ಬಳ್ಳಿಗೆ 68 ಡಾಲರ್ ಸುರಿದವನ ರಿವ್ಯೂ.

ನಾವಿರುವುದು ಕ್ಯಾಲಿಫೋರ್ನಿಯಾದ ಸ್ಯಾಕ್ರಮೆಂಟೊ ಪಕ್ಕದ ಎಲ್ಕ್ ಗ್ರೋವ್‌ನಲ್ಲಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಇಲ್ಲಿ ಮಳೆ ಅನ್ನೋದು ಬರೀ ಮಾತು. ಜುಲೈನಲ್ಲಿ 38 ಡಿಗ್ರಿ ಮಾಮೂಲು, ಧಗೆ ಏರಿದರೆ 42. 2022ರ ಸೆಪ್ಟೆಂಬರ್ 6ರಂದು ಸ್ಯಾಕ್ರಮೆಂಟೊದಲ್ಲಿ 46 ಡಿಗ್ರಿ ದಾಟಿತ್ತು. ಚಳ್ಳಕೆರೆಯಲ್ಲಿ ಹುಟ್ಟಿ ಬೆಳೆದ ನಾನೂ ಅಂಥ ಬಿಸಿಲು ಕಂಡಿರಲಿಲ್ಲ. ಇಂಥ ಊರಲ್ಲಿ ಪ್ರತಿ ಅಕ್ಟೋಬರ್‌ನಲ್ಲಿ ದೈತ್ಯ ಕುಂಬಳದ ಹಬ್ಬ ನಡೆಯುತ್ತದೆ, ಫೋರ್ಕ್‌ಲಿಫ್ಟ್‌ನಲ್ಲಿ ಕಾಯಿ ಎತ್ತಿ ತೂಗುತ್ತಾರೆ. ಎರಡು ವರ್ಷ ಬಾಯಿ ಬಿಟ್ಟುಕೊಂಡು ನೋಡಿದೆ. ಮೂರನೇ ವರ್ಷಕ್ಕೆ ನನ್ನ ತಲೆಗೂ ಹುಳ ಹೊಕ್ಕಿತು.

ಬೀಜ ಅಟ್ಲಾಂಟಿಕ್ ಜಯಂಟ್. ಕೆನಡಾದ ನೋವಾ ಸ್ಕೋಶಿಯಾದ ಹೋವರ್ಡ್ ಡಿಲ್ ಎಂಬ ರೈತ ವರ್ಷಗಟ್ಟಲೆ ಆರಿಸಿ ಆರಿಸಿ ಮಾಡಿದ ತಳಿ ಇದು. 1981ರಲ್ಲಿ ಅವರ ಕಾಯಿ 493.5 ಪೌಂಡ್ ತೂಗಿ ದಾಖಲೆ ಮಾಡಿತ್ತು, ಅಂದರೆ ಸುಮಾರು 224 ಕೆಜಿ. ಈಗ ಅಷ್ಟು ತೂಕದ ಕಾಯಿ ತಂದರೆ ಯಾರೂ ತಿರುಗಿ ನೋಡಲ್ಲ. 2023ರಲ್ಲಿ ಮಿನೆಸೋಟಾದ ತೋಟಗಾರಿಕೆ ಮೇಷ್ಟ್ರೊಬ್ಬರು ನಮ್ಮ ಹಾಫ್ ಮೂನ್ ಬೇ ಸ್ಪರ್ಧೆಗೆ ತಂದದ್ದು 1,247 ಕೆಜಿ. 2025ರಲ್ಲಿ ಇಂಗ್ಲೆಂಡಿನ ಪೇಟನ್ ಅವಳಿ ಸಹೋದರರು ಅದನ್ನೂ ದಾಟಿ 1,278 ಕೆಜಿಗೆ ಮುಟ್ಟಿಸಿದರು. ಅಂಥ ಕಾಯಿ ಜೋರಾಗಿ ಬೆಳೆಯುವ ದಿನಗಳಲ್ಲಿ ದಿನಕ್ಕೆ 20 ಕೆಜಿ ಏರುತ್ತದೆ. ಕುಂಬಳದಲ್ಲಿ ಹತ್ತಕ್ಕೆ ಒಂಬತ್ತು ಪಾಲು ನೀರೇ ತಾನೇ? ಆ ನೀರು ಎಲ್ಲಿಂದಾದರೂ ಬರಬೇಕಲ್ಲ. ಮೋಡದಿಂದ ಬರಲ್ಲ. ನಲ್ಲಿಯಿಂದಲೇ ಬರಬೇಕು.

ಅದಕ್ಕೇ ಈ ಕಿಟ್. ಪೆಟ್ಟಿಗೆಯಲ್ಲಿ ಬ್ಯಾಟರಿ ಟೈಮರ್, ಫಿಲ್ಟರ್, ಪ್ರೆಶರ್ ಇಳಿಸುವ ರೆಗ್ಯುಲೇಟರ್, ಅಡಿಗೊಂದು ತೂತಿರುವ ಅರ್ಧ ಇಂಚಿನ ಪೈಪು 100 ಅಡಿ, ಕಾಲಿಂಚಿನ ಸಣ್ಣ ಪೈಪು 50 ಅಡಿ, ಒಂದು ಚೀಲ ಚಿಲ್ಲರೆ ಸಾಮಾನು. ಕಂಪನಿ ಹೆಸರು ಹೇಳಲ್ಲ, ಯಾಕೆ ಅಂತ ಮುಂದೆ ಗೊತ್ತಾಗುತ್ತದೆ.

ಪೈಪಿನ ಬಗ್ಗೆ ದೂರೇ ಇಲ್ಲ. ಒಂದು ತೂತಿಗೆ ಗಂಟೆಗೆ 0.9 ಗ್ಯಾಲನ್, ಅಂದರೆ 3.4 ಲೀಟರ್ ಅಂತ ಬರೆದಿದ್ದಾರೆ. ನಂಬದೆ ಲೋಟ ಇಟ್ಟು ಹತ್ತು ನಿಮಿಷ ಅಳೆದೆ. ನಲ್ಲಿ ಕಡೆ 560 ಮಿಲಿ, ಕೊನೆಯಲ್ಲಿ 540. ಇದಕ್ಕಿಂತ ಇನ್ನೇನು ಬೇಕು? ನೂರು ತೂತಿಗೆ ಗಂಟೆಗೆ 340 ಲೀಟರ್ ಲೆಕ್ಕ. ಸಣ್ಣ ಪೈಪಿನದು ಬೇರೆ ಕಥೆ. ಅದರಲ್ಲೂ ಅಡಿಗೊಂದು ತೂತಿದೆ ಅಂತ ಐವತ್ತೂ ಅಡಿ ಒಂದೇ ಉದ್ದಕ್ಕೆ ಎಳೆದೆ, ಕೊನೆಯ ಹದಿನೈದು ಅಡಿಯಲ್ಲಿ ನೀರು ಅಳುತ್ತಾ ಬಂತು. 30 ಅಡಿಗಿಂತ ಜಾಸ್ತಿ ಎಳೆಯಬೇಡಿ ಅಂತ ಕೈಪಿಡಿಯಲ್ಲಿ ಇರುವೆ ಸಾಲಿನಂಥ ಅಕ್ಷರದಲ್ಲಿ ಇದೆಯಂತೆ, ಹೆಂಡತಿ ಕನ್ನಡಕ ಹಾಕಿಕೊಂಡು ಹುಡುಕಿಕೊಟ್ಟಳು.

ಕೈಪಿಡಿಯ ದೊಡ್ಡ ತಪ್ಪು ಚಿತ್ರದಲ್ಲಿದೆ. ಗಿಡದ ಬುಡಕ್ಕೆ ಪೈಪನ್ನು ಸಿಂಬಿ ಸುತ್ತಿದ ಹಾಗೆ ಸುತ್ತಿ ಅಂತ ತೋರಿಸಿದ್ದಾರೆ. ಮೆಣಸಿನ ಗಿಡಕ್ಕೆ ಸರಿ, ಕುಂಬಳಕ್ಕೆ ಪೂರ್ತಿ ತಪ್ಪು. ಸದಾ ಒದ್ದೆ ಇದ್ದರೆ ಬುಡ ಕೊಳೆಯುತ್ತದೆ. ಅದೂ ಅಲ್ಲದೆ ಈ ಬಳ್ಳಿ ಒಂದೇ ಬುಡದಿಂದ ಕುಡಿಯಲ್ಲ. ಹಬ್ಬುತ್ತಾ ಹೋದ ಬಳ್ಳಿಯ ಗೆಣ್ಣುಗಳ ಮೇಲೆ ಮಣ್ಣು ಮುಚ್ಚಿದರೆ ಗೆಣ್ಣು ಗೆಣ್ಣಿಗೂ ಬೇರು ಬಿಡುತ್ತದೆ. ದೊಡ್ಡ ಕಾಯಿ ಬೆಳೆಯುವವರೆಲ್ಲ ದಿನಾ ಸಂಜೆ ಮಂಡಿಯೂರಿ ಮಾಡುವ ಕೆಲಸ ಇದೇ. ಹಾಗಾಗಿ ಪೈಪು ಬಳ್ಳಿಯ ಜೊತೆಜೊತೆಗೇ ಹೋಗಬೇಕು. ನಾನು ಮುಖ್ಯ ಬಳ್ಳಿಗೆ ಒಂದು ಸಾಲು, ಅಕ್ಕಪಕ್ಕದ ಕವಲುಗಳಿಗೆ ಮೀನಿನ ಮುಳ್ಳಿನ ಹಾಗೆ ಸಾಲುಗಳನ್ನು ಹಾಕಿ, ಮೇಲೆ ಒಣಹುಲ್ಲು ಹರಡಿದೆ. ಹುಲ್ಲು ಹಾಕಿದ ಮೇಲೆ ಮಧ್ಯಾಹ್ನವೂ ಮಣ್ಣು ಮುಟ್ಟಿದರೆ ತಣ್ಣಗಿತ್ತು.

ನಮ್ಮ ಹಿತ್ತಲಿನದು ಜಿಗಟು ಮಣ್ಣು. ಒಂದೇ ಸಲ ಬಿಟ್ಟರೆ ನೀರು ಇಂಗಲ್ಲ, ಹರಿದು ಪಕ್ಕದ ಮನೆಯ ಬೇಲಿ ಸೇರುತ್ತದೆ. ಬೆಳಗಿನ ಜಾವ ನಾಲ್ಕೂವರೆಗೆ 25 ನಿಮಿಷ, ಆರಕ್ಕೆ ಇನ್ನೊಂದು 25 ನಿಮಿಷ ಅಂತ ಒಡೆದ ಮೇಲೆ ಸರಿಹೋಯಿತು. ದಿನಕ್ಕೆ ಸುಮಾರು 280 ಲೀಟರ್. ಊರಲ್ಲಿ ಅಮ್ಮನಿಗೆ ಹೇಳಿದರೆ "ಅಷ್ಟು ನೀರಲ್ಲಿ ಒಂದು ಮನೆಯೋರು ಸ್ನಾನ ಮಾಡ್ತಾರಲ್ಲೋ" ಅಂದರು. ತಿಪ್ಪೆ ಮೇಲೆ ಒಂದು ಬೀಜ ಒಗೆದು ಮರೆತು, ಆಮೇಲೆ ಹತ್ತು ಕಾಯಿ ಕಿತ್ತವರು ಅವರು. ಅವರ ಮುಂದೆ ನನ್ನ ಮಾತಿಗೆ ಬೆಲೆ ಎಲ್ಲಿ?

ಇನ್ನೊಂದು ವಿಷಯ, ಹೊಸಬರು ಇದರಲ್ಲೇ ಎಡವೋದು. ಮಧ್ಯಾಹ್ನ ಎರಡು ಗಂಟೆಗೆ ಎಲೆಗಳೆಲ್ಲ ಒದ್ದೆ ಬಟ್ಟೆಯ ಹಾಗೆ ಜೋತುಬೀಳುತ್ತವೆ. ಗಾಬರಿಯಾಗಿ ನಲ್ಲಿ ತಿರುಗಿಸಬೇಡಿ. ಎಲೆಯಿಂದ ಆರಿಹೋಗುವಷ್ಟು ನೀರನ್ನು ಬೇರು ಅಷ್ಟು ಬೇಗ ಎಳೆದುಕೊಡಲಾರದು, ಅಷ್ಟೇ. ಸಂಜೆ ಡೆಲ್ಟಾ (ಇಲ್ಲಿನ ನದೀಮುಖದ ಬಯಲು) ಕಡೆಯಿಂದ ತಂಗಾಳಿ ಬಂತು ಅಂದರೆ ತಾವಾಗಿಯೇ ಎದ್ದು ನಿಲ್ಲುತ್ತವೆ. ಬೆಳಿಗ್ಗೆ ಏಳಕ್ಕೂ ಜೋತುಬಿದ್ದಿದ್ದರೆ ಆಗ ಚಿಂತೆ ಮಾಡಿ. ಹುಲ್ಲು ಸರಿಸಿ ಬೆರಳು ಚುಚ್ಚಿ ಹದ ನೋಡಿ.

ಈಗ ಟೈಮರ್. ಅದರ ಪರದೆ ಬಿಸಿಲಿಗೆ ಕಪ್ಪಗಾಗುತ್ತದೆ, 40 ದಾಟಿದ ದಿನ ಏನೂ ಕಾಣಲ್ಲ. ಮಳೆ ಬಂದರೆ ನೀರು ನಿಲ್ಲಿಸುವ ಗುಂಡಿ ಮಾತ್ರ ಎಲ್ಲಕ್ಕಿಂತ ದೊಡ್ಡದಾಗಿ, ನೀಲಿ ಬಣ್ಣದಲ್ಲಿ ಹೊಳೆಯುತ್ತಿರುತ್ತದೆ! ಇದನ್ನೆಲ್ಲ ಸಹಿಸಿಕೊಂಡೆ. ಆಗಸ್ಟ್‌ನಲ್ಲಿ ನೆಂಟರ ಗೃಹಪ್ರವೇಶಕ್ಕೆ ಅಂತ ಮೂರು ದಿನ ಲಾಸ್ ಏಂಜಲೀಸ್‌ಗೆ ಹೋಗಿದ್ದೆವು. ಹೊರಡುವ ಹಿಂದಿನ ದಿನವೇ ಹೊಸ ಬ್ಯಾಟರಿ ಹಾಕಿದ್ದೆ. ವಾಪಸ್ ಬಂದಾಗ ರಾತ್ರಿ ಎಂಟು. ಟಾರ್ಚ್ ಬಿಟ್ಟು ನೋಡಿದರೆ ಎಲೆ ಎಲ್ಲಾ ನೆಲಕ್ಕೆ ಬಿದ್ದಿವೆ, ಟೈಮರ್ ಸತ್ತಿದೆ, ಹುಲ್ಲಿನ ಕೆಳಗೆ ಮಣ್ಣು ಬಿರುಕು ಬಿಟ್ಟಿದೆ.

ಇಲ್ಲಿಂದ ಮುಂದಿನದು ನನ್ನ ತಪ್ಪು, ಒಪ್ಪಿಕೊಳ್ಳುತ್ತೇನೆ. ಟೈಮರ್ ಕಿತ್ತೆಸೆದು ದೊಡ್ಡ ಪೈಪಿನಲ್ಲಿ ಒಂದೂವರೆ ಗಂಟೆ ನೀರು ಬಿಟ್ಟೆ. ಬಳ್ಳಿ ಬೆಳಿಗ್ಗೆ ಚೆನ್ನಾಗಿಯೇ ಎದ್ದಿತ್ತು. ಮೂರನೇ ದಿನ ಕಾಫಿ ಲೋಟ ಹಿಡಿದು ಹೋದರೆ ತೊಟ್ಟಿನ ಹತ್ತಿರ ಹೆಬ್ಬೆರಳು ತೂರುವಷ್ಟು ಸೀಳು, ಒಳಗಿಂದ ಹುಳಿ ವಾಸನೆ. ಟೇಪು ಹಿಡಿದು ಸುತ್ತಳತೆ, ಅಡ್ಡ, ಉದ್ದ ಮೂರೂ ಕೂಡಿಸಿ ತೂಕದ ಪಟ್ಟಿ ನೋಡುವ ಪದ್ಧತಿ ಇದೆ, ಅದರ ಪ್ರಕಾರ ಹಿಂದಿನ ವಾರವಷ್ಟೇ 260 ಪೌಂಡ್ ಇತ್ತು. ಸ್ಪರ್ಧೆಯಲ್ಲಿ ಸೀಳಿದ ಕಾಯಿ ಲೆಕ್ಕಕ್ಕಿಲ್ಲ.

"ಆ ರಾತ್ರಿ ಅಷ್ಟು ಹೊತ್ತು ನೀರು ಬಿಟ್ಟಿದ್ದು ಯಾರು?" ಅಂತ ಹೆಂಡತಿ ಸುಮ್ನೆ ಕೇಳಿದಳು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಅನ್ನೋ ಗಾದೆಗೆ ನಾನು ಆ ದಿನ ಸಾಕ್ಷಾತ್ ಉದಾಹರಣೆ. ಅಪ್ಪ ವಿಡಿಯೊ ಕಾಲ್‌ನಲ್ಲಿ ಕಾಯಿ ನೋಡಿ, "ಮೂರು ದಿನ ಹಸಿದೋನಿಗೆ ಒಂದೇ ಸಲಕ್ಕೆ ಮದುವೆ ಊಟ ಇಕ್ಕಿದಂಗಾಯ್ತಲ್ಲೋ ಮಗ. ಚೂರು ಚೂರೇ ಬಿಡಬೇಕಿತ್ತು" ಅಂದರು. ನಿಜ, ಸಿಪ್ಪೆ ಬಿಸಿಲಿಗೆ ಬಿಗಿದುಕೊಂಡಿರುತ್ತದೆ, ಒಳಗೆ ದಿಢೀರ್ ಅಂತ ನೀರು ತುಂಬಿದರೆ ಒಡೆಯದೆ ಇನ್ನೇನು ಮಾಡುತ್ತದೆ? ಆಮೇಲಿಂದ ಕಾಯಿಯ ಮೇಲೆ ಬಿಳಿ ಹಾಸಿಗೆ ಬಟ್ಟೆ ಹೊದಿಸಿ ನೆರಳು ಮಾಡುತ್ತಿದ್ದೇನೆ. ಮೊದಲೇ ಮಾಡಬೇಕಿತ್ತು.

ಒಂದು ಬಳ್ಳಿಗೆ ಒಂದೇ ಕಾಯಿ ಬಿಡಬೇಕು ಅನ್ನೋದು ನಿಯಮ. ಪುಣ್ಯಕ್ಕೆ ಪಕ್ಕದ ಕವಲಿನಲ್ಲಿದ್ದ ಎರಡನೇ ಹೀಚನ್ನು ಕೀಳಲು ನನಗೆ ಮನಸ್ಸು ಬಂದಿರಲಿಲ್ಲ. ಅದೇ ಅಕ್ಟೋಬರ್ ಹೊತ್ತಿಗೆ 212 ಪೌಂಡ್ ಆಯಿತು, 96 ಕೆಜಿ. ಹಬ್ಬದಲ್ಲಿ ಯಾರೂ ಕ್ಯಾರೆ ಅನ್ನಲಿಲ್ಲ, ನಮ್ಮ ಬೀದಿಯ ಮಕ್ಕಳು ಮಾತ್ರ ಅದರ ಮೇಲೆ ಕೂತು ಫೋಟೊ ತೆಗೆಸಿಕೊಂಡರು. ಒಡೆದ ಕಾಯಿಯ ಚೆನ್ನಾಗಿದ್ದ ಭಾಗದಲ್ಲಿ ಪಲ್ಯ ಮಾಡಿದೆವು. ಬರೀ ನೀರು, ನಾರು. ಸಾಸಿವೆ ಒಗ್ಗರಣೆಗೂ ಜಗ್ಗಲಿಲ್ಲ.

ಕಂಪನಿಯವರಿಗೆ ದೂರು ಕೊಟ್ಟಾಗ ಫೋಟೊ ಕೇಳಿದರು, ಒಂಬತ್ತು ದಿನಕ್ಕೆ ಹೊಸ ಟೈಮರ್ ಕಳಿಸಿದರು, ಒಂದು ಕ್ಷಮೆ ಪತ್ರ ಕೂಡ. ಆ ಟೈಮರನ್ನು ಈಗ ನೆರಳಲ್ಲಿ, ಮುಂದಿನ ಅಂಗಳದ ಗುಲಾಬಿಗೆ ಹಾಕಿದ್ದೇನೆ. ಕುಂಬಳಕ್ಕೆ ನಾನೇ ಎದ್ದು ನಲ್ಲಿ ತಿರುಗಿಸುತ್ತೇನೆ, ಊರಿಗೆ ಹೋಗುವುದಿದ್ದರೆ ಪಕ್ಕದ ಮನೆಯವರಿಗೆ ಹೇಳಿ ಹೋಗುತ್ತೇನೆ.

ತಗೊಳ್ಳಬೇಕು ಅನ್ನೋರಿಗೆ: ಇದೇ ಪೈಪು, ಫಿಲ್ಟರ್, ರೆಗ್ಯುಲೇಟರ್ ಟೈಮರ್ ಇಲ್ಲದೆಯೂ ಸಿಗುತ್ತವೆ, ನಾನು ನೋಡಿದಾಗ 41 ಡಾಲರ್ ಇತ್ತು. ಫಿಲ್ಟರ್ ಜಾಲರಿಯನ್ನು ಎರಡು ವಾರಕ್ಕೊಮ್ಮೆ ಬಿಚ್ಚಿ ತೊಳೆಯಿರಿ. ನಮ್ಮ ನೀರಿನಲ್ಲಿ ಸುಣ್ಣ ಜಾಸ್ತಿ, ಸೆಪ್ಟೆಂಬರ್‌ನಲ್ಲಿ ಏಳೆಂಟು ತೂತು ಕಟ್ಟಿಕೊಂಡಿದ್ದವು, ವಿನೆಗರ್‌ನಲ್ಲಿ ನೆನೆಸಿದ ಮೇಲೆ ಬಿಟ್ಟುಕೊಂಡವು.